ಎಡಗಣ್ಣಿನ ನೆಪ

ಚಾಮರಾಜಪೇಟೆ,
ಶ್ರಾವಣ ಶನಿವಾರ, ೧೯೫೨

ಅಪ್ಪಾಜಿಯವರ ಪಾದಗಳಿಗೆ ಮಹಾನಂದಳ ಶರಣು.

ಎರಡು ಕಾಗದ ಬರೆದು ಹರಿದುಹಾಕಿದೆ, ಇದು ಮೂರನೆಯದು. ಸೋಮವಾರ ನನ್ನ ಎಡಗಣ್ಣಿಗೆ ಆಪರೇಷನ್. ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡಿದೆಯಂತೆ. ಮೂಳೆ ಕೊರೆದು ದಾರಿ ಮಾಡುತ್ತಾರೆ. "ದೀಪ ಹಚ್ಚೋ ಹೊತ್ತಲ್ಲಿ ಕಣ್ಣೀರಿಡೋದು ಇನ್ನಾದ್ರೂ ನಿಲ್ಲತ್ತಲ್ಲ" ಎಂದು ಅತ್ತೆಯವರಿಗೆ ಸಮಾಧಾನ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೂರು ವರ್ಷದಿಂದ ಯಾರು ಕೇಳಿದರೂ, ನೀವು ಕೇಳಿದಾಗಲೂ, "ಕಣ್ಣಿನ ಕಾಯಿಲೆ" ಎಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದೆ. ಸೋಮವಾರದ ನಂತರ ಏನು ಹೇಳಲಿ?

ಗೌರಿ ಬಾಗಿನವನ್ನು ಈ ಸಲ ತಮ್ಮನ ಕೈಲಿ ಕಳಿಸದೆ ನೀವೇ ತನ್ನಿ. ಕಣ್ಣೊರೆಸಲು ನಿಮ್ಮ ಹಳೇ ಪಂಚೆಯೊಂದನ್ನೂ ತನ್ನಿ. ಬಂದಾಗ ಎಡಗಣ್ಣು ವಾಸಿಯಾಯಿತೇ ಎಂದು ಕೇಳಬೇಡಿ. ಒದ್ದೆಯಾಗಿರುವ ಬಲಗಣ್ಣು ನೋಡಿ. ಅದಕ್ಕೆ ಯಾವ ಕಾಯಿಲೆಯೂ ಇಲ್ಲವಂತೆ.

ನಿಮ್ಮ ಮಗಳು,
ಮಹಾನಂದ