ನಿಂತಲ್ಲೇ ಓಡಿದ ಗೆಜ್ಜೆ

ಅಪ್ಪಾ,

ಇವತ್ತು ಗುಡೂರಿನಲ್ಲಿ ನಿನ್ನ ಗೊಂಬೆಯಾಟದ ಕೊನೆ ಬದಲಿಸಿದೆ. ಗೋಪುರದಲ್ಲಿ ಕೂಡಿಹಾಕಿದ್ದ ರಾಜಕುಮಾರಿ ಯಾರಿಗೂ ಕಾಯದೆ, ಇಳಕಲ್ ಸೀರೆಯನ್ನೇ ಹಗ್ಗ ಮಾಡಿ ಇಳಿದು ಓಡಿದಳು. ಅವಳ ಓಟದ ಸದ್ದಿಗಾಗಿ ನಾನು ಪರದೆಯ ಹಿಂದೆ ನಿಂತಲ್ಲೇ ಗೆಜ್ಜೆಗಾಲು ಬಡಿದೆ.

ಆಟ ಮುಗಿದ ಮೇಲೆ ಪುಟ್ಟ ಹುಡುಗಿಯೊಬ್ಬಳು ಇಣುಕಿ, "ಆಕಿ ಎಲ್ಲಿಗೆ ಹೋದ್ಳ್ರೀ?" ಎಂದಳು.

"ಎಲ್ಲಿ ಹೋಗ್ತಾಳವಾ? ಪೆಟ್ಟಿಗ್ಯಾಗ ಅದಾಳ. ನಾಳೆ ಬಾದಾಮ್ಯಾಗ ಮತ್ತ ಓಡಬೇಕಲ್ಲ" ಎಂದ ತಮ್ಮ ಸೋಮಲಿಂಗ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಎಂ.ಎ. ಫಲಿತಾಂಶ ಬಂದ ದಿನ, "ನಿಮ್ಮವ್ವನ ಮೊಣಕಾಲು ನೋವು ಕಡಿಮಿ ಆಗೂತನಕ ಅಷ್ಟ, ಮಗಳ" ಎಂದು ಅವ್ವನ ಈ ಗೆಜ್ಜೆಯನ್ನು ನನ್ನ ಕಾಲಿಗೆ ಕಟ್ಟಿದವನು ನೀನು.

ಈಗ ನನ್ನ ಮೊಣಕಾಲೂ ನೋಯುತ್ತದೆ ಅಪ್ಪಾ. ಸೋಮಲಿಂಗನ ಮಗಳು ಚೇತನಾಳ ಫಲಿತಾಂಶ ಈ ವಾರ ಬರುತ್ತದೆ. ನೋವಿನ ವಿಷಯ ನಾನು ಯಾರಿಗೂ ಹೇಳಿಲ್ಲ.