ನಲವತ್ತೊಂದನೇ ನಂಬರಿನ ಡಬ್ಬಿ

ಲ್ಯಾಬಿನ ಊಟದ ಕೋಣೆ,
ಹನ್ನೆರಡನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ತಲೆಸುತ್ತು ನಿಂತಿತಾ? ಹೋದ ತಿಂಗಳು ಅಡುಗೆಮನೆಯಲ್ಲಿ ಬಿದ್ದೆಯಲ್ಲ, ಆ ಮೊಣಕೈ ಗಾಯ ಒಣಗಿತಾ? ಸೆಖೆಗೆ ಹಾಗಾಯಿತು ಎಂದು ಭಾವ ಹೇಳಿದರು, ನೀನೂ ಹೂಂಗುಟ್ಟಿದೆ, ನಾನೂ ನಂಬಿದೆ. ದಯವಿಟ್ಟು "ಏನಿಲ್ಲ ಕಣೋ" ಎಂದು ಮಾತ್ರ ಉತ್ತರ ಬರೆಯಬೇಡ. ಫೋನಿನಲ್ಲಾದರೆ ನೀನು ಮಾತು ಮರೆಸಿ, ಫೋನನ್ನು ನಿನ್ನ ಮಗ ಕಿಂಡಿಯ ಕೈಗೆ ಕೊಟ್ಟುಬಿಡುತ್ತೀಯ. ಆ ಮಹಾರಾಯ ತನ್ನ ಉದುರಿದ ಎರಡು ಮುಂದಿನ ಹಲ್ಲುಗಳ ಕಥೆಯನ್ನು ನಾಲ್ಕನೇ ಸಲ ಶುರು ಮಾಡುತ್ತಾನೆ. ಅದಕ್ಕೇ ಪತ್ರ ಹಿಡಿದು ಕೂತಿದ್ದೇನೆ. ಇದರಲ್ಲಿ ಹೊಟ್ಟೆ ತೊಳಸುವ ವಿಷಯವೇ ತುಂಬಿದೆ, ಆದರೂ ಕೊನೆಯವರೆಗೆ ಓದು.

ತಮ್ಮ ದೊಡ್ಡ ಸಂಶೋಧನೆಯಲ್ಲಿದ್ದಾನೆ ಎಂದು ನೀನು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತೀಯಂತೆ. ಸಂಶೋಧನೆ ದೊಡ್ಡದೇ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇವೆಲ್ಲ ಬಾರದಂತೆ, ಬಂದರೂ ಬಿಗಡಾಯಿಸದಂತೆ ಏನು ತಿನ್ನಬೇಕು, ಹೇಗೆ ಬದುಕಬೇಕು ಎಂದು ಆರುನೂರು ಜನರನ್ನು ಇಟ್ಟುಕೊಂಡು ನೋಡುತ್ತಿದ್ದಾರೆ. ಆದರೆ ಅದರಲ್ಲಿ ನಿನ್ನ ತಮ್ಮನ ಪಾಲು ಏನು ಗೊತ್ತಾ? ಕಂಡವರ ಊಟ ರುಬ್ಬುವುದು. ಒಂದು ವಾರ ಅವರು ತಿಂದದ್ದಕ್ಕೆಲ್ಲ ಸಮನಾಗಿ ಇನ್ನೊಂದು ಪಾಲನ್ನು ಡಬ್ಬಿಗೆ ಹಾಕಬೇಕು, ದಿನಕ್ಕೊಂದು ಡಬ್ಬಿ. ಅದು ಹೆಪ್ಪುಗಟ್ಟಿ ಇಲ್ಲಿಗೆ ಬರುತ್ತದೆ. ನಾನು ಕರಗಿಸಿ, ತೂಗಿ, ಏನೇನಿದೆ ಎಂದು ಚಿಮಟದಲ್ಲಿ ಬಿಡಿಸಿ ಬರೆದು, ಬಕೆಟ್ಟಿನಷ್ಟು ದೊಡ್ಡ ಮಿಕ್ಸಿಗೆ ಹಾಕುತ್ತೇನೆ. ಅನ್ನ, ಮೊಟ್ಟೆ, ಚಹಾ, ಬಾಳೆಹಣ್ಣು ಎಲ್ಲ ಸೇರಿ ಬೂದು ಬಣ್ಣದ ಲೋಳೆಯಾಗುತ್ತದೆ. ಅದರಲ್ಲಿ ಒಂದು ಚಮಚ ಯಂತ್ರಕ್ಕೆ, ಉಳಿದದ್ದು ಚರಂಡಿಗೆ. ಇಲ್ಲಿ ನನ್ನನ್ನು ಎಲ್ಲರೂ ರುಬ್ಬುಗುಂಡು ಎಂದೇ ಕರೆಯುವುದು. ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ನಾಲ್ಕು ವರ್ಷದಲ್ಲಿ ನೋಡಬಾರದ್ದನ್ನೆಲ್ಲ ನೋಡಿದ್ದೇನೆ. ಒಬ್ಬ ಮಹಾನುಭಾವ ಏಳೂ ದಿನ ತೊಳೆದ ಕ್ಯಾರೆಟ್ಟು ಕಳಿಸಿದ್ದ, ಜೊತೆಗಿಟ್ಟ ಚೀಟಿಯ ಮೇಲೆ ಮಾತ್ರ ಕರಿದ ಎಣ್ಣೆಯ ಹೆಬ್ಬೆಟ್ಟಿನ ಗುರುತು. ಇನ್ನೊಬ್ಬರ ಡಬ್ಬಿಯಲ್ಲಿ ಬಿಸ್ಕತ್ತು ಅದ್ದಿದ ಚಹಾ ಬಿಟ್ಟರೆ ಬೇರೇನಿಲ್ಲ. ಹಳಸಿದ್ದು, ನೂಲು ಬಿಟ್ಟದ್ದು, ಕೂದಲು ಸಿಕ್ಕಿದ್ದು. ಮೊದಲ ವಾರ ವಾಂತಿ ಮಾಡಿಕೊಂಡೆ, ಆಮೇಲೆ ಅದೇ ಮೇಜಿನ ಪಕ್ಕ ಕೂತು ಊಟ ಮಾಡುವುದನ್ನೂ ಕಲಿತೆ. ಇನ್ನು ನನಗೆ ಯಾವುದೂ ಹೇಸಿಗೆ ಅಲ್ಲ ಅಂದುಕೊಂಡಿದ್ದೆ.

ಹೋದ ವಾರ ನಲವತ್ತೊಂದನೇ ನಂಬರಿನವರ ಡಬ್ಬಿಗಳು ಬಂದವು. ಹೆಸರು ನಮಗೆ ಗೊತ್ತಾಗುವಂತಿಲ್ಲ, ನಂಬರು ಮತ್ತು ಹೆಣ್ಣೋ ಗಂಡೋ ಅನ್ನುವುದು ಮಾತ್ರ. ಮೊದಲ ಮೂರು ದಿನದ್ದನ್ನು ಸೀಟಿ ಹಾಕುತ್ತಾ ರುಬ್ಬಿ ಮುಗಿಸಿದೆ. ಊಟ ಎಷ್ಟು ಕಡಿಮೆ ಎಂದರೆ ಮಿಕ್ಸಿಯ ಬ್ಲೇಡಿಗೇ ಸಿಗುತ್ತಿರಲಿಲ್ಲ. ಲೆಕ್ಕ ನೋಡಿ ನಮ್ಮ ದೊಡ್ಡ ಡಾಕ್ಟರು ಕುಣಿದಾಡಿಬಿಟ್ಟರು. ಆ ಹಾಳೆಯನ್ನು ಗೋಡೆಗೆ ಅಂಟಿಸಿ ಎಲ್ಲರನ್ನೂ ಕರೆದು, "ಮಿತಾಹಾರ ಅಂದ್ರೆ ಇದು, ನೋಡಿ ಕಲೀರಿ" ಎಂದರು. ಒಂದು ಕೈಯಲ್ಲಿ ಕ್ರೀಮ್ ಬನ್ನು ಹಿಡಿದಿದ್ದರು, ಇನ್ನೊಂದು ಕೈಯ ಬೆರಳು ಹಾಳೆಯ ಮೇಲೆ ಜಿಡ್ಡು ಎಳೆಯುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ ಅಕ್ಕಾ.

ಮೊನ್ನೆ ಮಂಗಳವಾರ ನಾಲ್ಕನೇ ಡಬ್ಬಿ ತೆರೆದೆ. ತಳ ಹತ್ತಿ ಕಪ್ಪಾದ ಅನ್ನ, ಯಾರೋ ಅರ್ಧ ಜಗಿದು ಉಗಿದ ತರಕಾರಿ ನಾರು, ಹಾಲಿನಲ್ಲಿ ನೆನೆದು ಮುದ್ದೆಯಾದ ಬ್ರೆಡ್ಡು, ಅದರ ಜೊತೆ ಕಚ್ಚಿ ಬಿಟ್ಟ ಬ್ರೆಡ್ಡಿನ ಎರಡು ಅಂಚು. ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದೆ. ಪುಟ್ಟ ಬಾಯಿಯ ಕಚ್ಚು, ಎರಡೂ ಕಡೆ ಹಲ್ಲಿನ ಗುರುತು, ನಟ್ಟ ನಡುವೆ ಎರಡು ಹಲ್ಲಿನಷ್ಟು ಬ್ರೆಡ್ಡು ಕಚ್ಚಿಸಿಕೊಳ್ಳದೆ ಹಾಗೇ ನಿಂತಿದೆ. ಅಲ್ಲಿಯವರೆಗೆ ಗಮನಿಸದಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದೆ, ಗುರುವಾರ ಎಂದು ಬರೆದದ್ದು ನಿನ್ನ ಅಕ್ಷರ. ನೀನೂ ಈ ಸರ್ವೆಗೆ ಸೇರಿದ್ದು ಗೊತ್ತಿತ್ತು, ನಿನ್ನ ನಂಬರು ಗೊತ್ತಿರಲಿಲ್ಲ. ಓಡಿಹೋಗಿ ಸಿಂಕಿನ ಮುಂದೆ ನಿಂತೆ. ನಾಲ್ಕು ವರ್ಷದ ಮೇಲೆ ಮತ್ತೆ ವಾಂತಿ ಬಂತು.

ಅವತ್ತು ಸಂಜೆ ಫೋನ್ ಮಾಡಿ, ಡಬ್ಬಿಗೆ ಏನು ಹಾಕಿದೆ ಎಂದು ಸುಮ್ಮನೆ ಕೇಳಿದೆನಲ್ಲ, ನೀನೆಷ್ಟು ಹೆಮ್ಮೆಯಿಂದ ಹೇಳಿದೆ. "ನಾನು ತಿನ್ನೋದ್ರಲ್ಲಿ ಸರಿಯಾಗಿ ಅರ್ಧ ಹಾಕಿದೀನಿ ಕಣೋ, ತಕ್ಕಡಿಯಲ್ಲಿ ತೂಗಿ. ನಿನ್ನ ಕೆಲಸಕ್ಕೆ ಮೋಸ ಮಾಡ್ತೀನಾ?" ಅಕ್ಕಾ, ನಿನ್ನ ಊಟವನ್ನು ಅರ್ಧ ಮಾಡು ಎಂದು ಯಾರೂ ಹೇಳಿರಲಿಲ್ಲ. ಅಷ್ಟೇ ಇನ್ನೊಂದು ಪಾಲು ಬೇಯಿಸಿ ಹಾಕಬೇಕಿತ್ತು. ಆದರೆ ಎಂಜಲಿಗೆ ಇನ್ನೊಂದು ಪಾಲು ಎಲ್ಲಿಂದ ತರುತ್ತೀಯ? ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯ ತಳದಲ್ಲಿ ಕೆರೆದದ್ದು, ಅದೇ ನಿನ್ನ ಊಟ. ಅದನ್ನೂ ಏಳು ದಿನ ಪಾಲು ಮಾಡಿದೆ. ಮನೆಯಲ್ಲಿ ದವಸಕ್ಕೆ ಬರವಿಲ್ಲ, ಭಾವ ಎರಡು ಸಲ ಬಡಿಸಿಕೊಂಡೇ ಏಳುವುದು. ಒಪ್ಪಿಗೆ ಪತ್ರಕ್ಕೆ ಸಾಕ್ಷಿ ಸಹಿ ಹಾಕಿದವರೂ ಅವರೇ. ಹದಿನಾರು ವರ್ಷದಲ್ಲಿ ನಿನ್ನ ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆಯೂ ಕಣ್ಣು ಹಾಯಿಸದ ಮನುಷ್ಯ ಅದೆಂಥ ಸಾಕ್ಷಿಯೋ. ಬರೆಯುವಾಗಲೇ ಅಸಹ್ಯವಾಗುತ್ತಿದೆ.

ಅವರನ್ನು ಬೈದು ನಾನು ಕೈ ತೊಳೆದುಕೊಳ್ಳುವಂತಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಬ್ರೆಡ್ಡಿನ ಮೆತ್ತಗಿನದನ್ನು ತಿಂದು ಅಂಚು ಬಿಡುತ್ತಿದ್ದೆ, ನೀನು ಎತ್ತಿಕೊಂಡು "ನಂಗೆ ಗಟ್ಟಿ ಅಂಚೇ ಇಷ್ಟ ಕಣೋ" ಅನ್ನುತ್ತಿದ್ದೆ. ಅದನ್ನು ನಾನು ಎಷ್ಟು ನಂಬಿದ್ದೆ ಎಂದರೆ ಮೊದಲ ಸಂಬಳದಲ್ಲಿ ಬೇಕರಿಯವನಿಗೆ ಹೇಳಿ ನಿನಗಾಗಿ ಬರೀ ಅಂಚುಗಳನ್ನೇ ಒಂದು ಚೀಲ ಕಟ್ಟಿಸಿ ತಂದೆ. ಅವನು ಎಮ್ಮೆಗಾ ಎಂದು ಕೇಳಿದ್ದ. ನೀನು ನಗುತ್ತಾ ಒಂದು ವಾರ ಅದನ್ನು ತಿಂದೆ. ಈ ಮೂವತ್ನಾಲ್ಕನೇ ವಯಸ್ಸಿನ ತನಕ ಅದೊಂದು ಒಳ್ಳೆಯ ಉಡುಗೊರೆ ಅಂದುಕೊಂಡೇ ಇದ್ದೆನಲ್ಲ, ಆ ನನ್ನ ಮೇಲೆ ನನಗಿರುವಷ್ಟು ಹೇಸಿಗೆ ಇಲ್ಲಿನ ಚರಂಡಿಯ ಮೇಲೂ ಇಲ್ಲ.

ನಿನ್ನೆ ಡಾಕ್ಟರ ಮುಂದೆ ಎಲ್ಲ ಹೇಳಿದೆ. ಅದಕ್ಕೂ ಮೊದಲು ಫ್ರೀಜರಿನಲ್ಲಿದ್ದ ಬೇರೆ ಹೆಂಗಸರ ಡಬ್ಬಿಗಳನ್ನೂ ತೆಗೆದು ನೋಡಿದ್ದೆ. ಮೂವತ್ತೆಂಟರಲ್ಲಿ ಇಪ್ಪತ್ತಾರಕ್ಕೆ ಬೇರೆಯವರ ಹಲ್ಲು ತಾಗಿದೆ. ನಂಬರು ಯಾರದ್ದೆಂದು ನಾನು ತಿಳಿದುಕೊಂಡದ್ದೇ ತಪ್ಪು ಎಂದರು ಅವರು. ನೀನು ಸಕ್ಕರೆ ಕಾಯಿಲೆಗೆ ನುಂಗುವ ಮಾತ್ರೆಯ ಹೆಸರು ಹೇಳಿದಾಗ ಮಾತ್ರ ಬನ್ನು ಕೆಳಗಿಟ್ಟರು. ಆ ಮಾತ್ರೆ ಪೂರ್ತಿ ಊಟವಿದೆ ಎಂದು ನಂಬಿ ಕೆಲಸ ಮಾಡುವಂಥದ್ದಂತೆ. ಅರೆಹೊಟ್ಟೆಯಲ್ಲಿ ನುಂಗಿದರೆ ರಕ್ತದ ಸಕ್ಕರೆ ಧಡಕ್ಕನೆ ಇಳಿದು, ನಿಂತವರು ನಿಂತಲ್ಲೇ ಬೀಳುತ್ತಾರಂತೆ. ನೀನು ಬಿದ್ದದ್ದು ಡಬ್ಬಿ ವಾರದ ಐದನೇ ದಿನ, ಸೆಖೆ ಪಾಪ ಏನೂ ಮಾಡಿಲ್ಲ. ಹಾಗಾದರೆ ನಲವತ್ತೊಂದನ್ನು ತೆಗೆದುಬಿಡಿ ಎಂದೆ. ಈಗ ತೆಗೆದರೆ ಒಟ್ಟು ಪಟ್ಟಿಯೇ ಕೆಡುತ್ತದೆ, ಎರಡನೇ ಸುತ್ತು ಮುಗಿಯಲಿ, ನೋಡೋಣ ಎಂದರು. ಗೋಡೆಯ ಹಾಳೆ ಈಗಲೂ ಅಲ್ಲೇ ಇದೆ. ನನ್ನನ್ನು ಮಾತ್ರ ಇವತ್ತಿನಿಂದ ಬಾಟಲಿ ತೊಳೆಯುವ ಕಡೆಗೆ ಹಾಕಿದ್ದಾರೆ. ಸಂಬಳ ಅಷ್ಟೇ, ಯೋಚನೆ ಮಾಡಬೇಡ.

ಕಿಂಡಿಗೆ ಮಾಮನ ಮುತ್ತು, ದೊಡ್ಡವಳಿಗೆ ಪರೀಕ್ಷೆ ಚೆನ್ನಾಗಿ ಬರೆಯಲು ಹೇಳು. ಭಾವನವರಿಗೆ ಬೇರೆ ಪತ್ರ ಬರೆದಿದ್ದೇನೆ, ಅದರಲ್ಲಿ ನಮಸ್ಕಾರ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ನಿನ್ನ ಕಾಲಿಗೆ ಬೀಳುವಷ್ಟು ಮುಖ ನನಗಿನ್ನೂ ಬಂದಿಲ್ಲ. ಅಲ್ಲಿಂದಲೇ ತಲೆ ಸವರಿಬಿಡು.

ನಿನ್ನ ತಮ್ಮ

ಮತ್ತೆ, ಇದೇ ಮುಖ್ಯ, ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ: ಸೋಮವಾರ ಸರ್ವೆಯವಳು ಎರಡನೇ ಸುತ್ತಿನ ಏಳು ಡಬ್ಬಿ ತಂದುಕೊಡುತ್ತಾಳೆ. ಬೇಡ ಎನ್ನಲು ನಿನಗೆ ಬಾಯಿ ಬರುವುದಿಲ್ಲ, ಗೊತ್ತು. ತೆಗೆದುಕೋ. ಹೊಸ ಅನ್ನ ಬಡಿಸಿಕೊಂಡು, ಕೂತು, ಹೊಟ್ಟೆ ತುಂಬ ತಿಂದು ಆಮೇಲೆ ಮಾತ್ರೆ ನುಂಗು. ಡಬ್ಬಿಗೆ ಒಂದು ಅಗುಳೂ ಹಾಕಬೇಡ, ಮುಚ್ಚಳದ ಮೇಲೆ ವಾರ ಬರೆದು ಖಾಲಿಯನ್ನೇ ಕಳಿಸು. ನಲವತ್ತೊಂದು ಬಂದಾಗ ನಾನು ಬಾಟಲಿ ಬಿಟ್ಟು ಹೋಗಿ ಒಂದೊಂದಾಗಿ ತೆರೆದು ನೋಡುತ್ತೇನೆ. ಏಳೂ ಖಾಲಿ ಇದ್ದರೆ ನೀನು ಊಟ ಮಾಡಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ.