ಅಮ್ಮನ ಎದೆಯ ಫೋಟೋ

ಮಾವಿನಕುರ್ವೆ, ಹೊನ್ನಾವರ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಇವರಿಗೆ,

ಹೆಸರು ಬರೆಯೋಣವೆಂದು ಕೂತೆ, ಕೈ ಏಳಲಿಲ್ಲ. ಪಕ್ಕದಲ್ಲಿದ್ದ ಅಂಕಿತಾ, “ಪಪ್ಪನ ಹೆಸರು ಜಗದೀಶ ಅಂತ ಬರಿ ಮಮ್ಮಿ, ಇಲ್ದಿದ್ರೆ ಹಡಗಲ್ಲಿ ಬೇರೆ ಯಾರಾದ್ರೂ ತಮ್ಗೇ ಬಂತು ಅಂತ ಓದ್ತಾರೆ” ಎಂದು ನಗುತ್ತಿದ್ದಾಳೆ. ಹೇಗಿದ್ದೀರಿ? ಎಂಜಿನ್ ರೂಮಿನ ಸೆಖೆಗೆ ಕತ್ತಿನ ಸುತ್ತ ಎದ್ದಿದ್ದ ಗುಳ್ಳೆಗಳು ಮಾಯಿದವೇ? ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ಸೋದರತ್ತೆಯ ಮಗ ನಿತ್ಯಾನಂದ ಮುಂದ್ರಾ ಬಂದರಿನಲ್ಲಿ ನಿಮ್ಮ ಹಡಗನ್ನೇ ಏರುತ್ತಾನಂತೆ. ಅವನ ಕೈಯಲ್ಲಿ ಒಣ ಸೀಗಡಿಯ ಪೊಟ್ಟಣ, ಈ ಪತ್ರ ಎರಡನ್ನೂ ಕೊಡುತ್ತಿದ್ದೇನೆ. ಹಡಗಿನ ಫೋನಿನಲ್ಲಿ ಎರಡು ಮಾತಾಡುವುದರೊಳಗೆ ದನಿ ಒಡೆದು ಹೋಗುತ್ತದೆ. ಅದರ ಮೇಲೆ ನಿಮ್ಮ ಅಮ್ಮ ಫೋನು ಕಿತ್ತುಕೊಂಡು “ಸಣ್ಣ ಜ್ವರ ಆಗಿತ್ತು, ಹೋತು” ಎಂದು ನಿಮಗೆ ಹೇಳಿ ಮುಗಿಸಿಬಿಟ್ಟರು. ಆದದ್ದು ಜ್ವರವಲ್ಲ. ಹೆದರಬೇಡಿ, ಈಗ ಹುಷಾರಾಗಿದ್ದಾರೆ. ಅಂಗಳದಲ್ಲಿ ಕೂತು ಮೀನು ತರುವ ಕಮಲಿಯ ಹತ್ತಿರ ಬಾಂಗಡೆ ಬಾಡಿದೆ ಎಂದು ಜಗಳ ಆಡುತ್ತಿರುವ ದನಿ ನನಗೆ ಇಲ್ಲಿಗೇ ಕೇಳುತ್ತಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಅಮ್ಮನ ಶ್ವಾಸಕೋಶದ ಗಡ್ಡೆಗೆ ಮಂಗಳೂರಿನಲ್ಲಿ ಇಮ್ಯುನೊಥೆರಪಿಯ ಮೊದಲ ಬಾಟಲಿ ಏರಿಸಿದ್ದನ್ನು ನೋಡಿಯೇ ನೀವು ಹಡಗಿಗೆ ಹೋದಿರಿ. ಮೂರನೆಯದು ದಸರೆಗೆ ಮುಂಚೆ ಆಯಿತು. ಕೂದಲು ಉದುರಲಿಲ್ಲ, ವಾಂತಿ ಇಲ್ಲ, ಇದೆಂಥ ಔಷಧ ಎಂದು ನಾವೇ ಆಶ್ಚರ್ಯಪಡುತ್ತಿದ್ದೆವು. ದಸರೆ ಮುಗಿದ ಮೇಲೆ ಅಮ್ಮನಿಗೆ ಸುಸ್ತು ಶುರುವಾಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಜಗಲಿಯಲ್ಲಿ ಕೂತುಬಿಡುತ್ತಿದ್ದರು. ಒಂದು ಬೆಳಿಗ್ಗೆ ಚಾ ಕೊಡುವಾಗ ನೋಡುತ್ತೇನೆ, ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ. “ಎಂತ ಆತು ಅಮ್ಮ?” ಎಂದರೆ “ಎಂತದೂ ಇಲ್ಲ, ಬಿಸಿಲಿಗೆ” ಎಂದರು. ಎದೆಯಲ್ಲಿ ಏನೋ ಅಮುಕಿದಂತೆ ಆಗುತ್ತದೆ ಎಂಬುದನ್ನು ನನಗೆ ಹೇಳದೆ ಕಮಲಿಗೆ ಹೇಳಿದ್ದರು. ಕಮಲಿ ಬಂದು ನನ್ನ ಕಿವಿಯಲ್ಲಿ ಹಾಕಿದಳು. ದಮ್ಮು, ಎದೆನೋವು, ಕಣ್ಣಿನ ತೊಂದರೆ ಏನೇ ಬಂದರೂ ಕೂಡಲೇ ಫೋನು ಮಾಡಿ ಎಂದು ಆಸ್ಪತ್ರೆಯವರು ಮೊದಲ ದಿನವೇ ಹೇಳಿದ್ದರಲ್ಲ, ಮಾಡಿದೆ. ಆ ಕಡೆಯ ನರ್ಸ್ ಎಲ್ಲ ಕೇಳಿ, “ನಾಳೆ ಅಲ್ಲ, ಈಗಲೇ ಹೊರಡಿ” ಎಂದಳು. ಪುಣ್ಯಕ್ಕೆ ಪಕ್ಕದ ಮನೆಯ ಶಿಶಿರ ಕಾರು ತೆಗೆದ. ಭಟ್ಕಳ ದಾಟುವವರೆಗೂ ಅಮ್ಮ, ಒಣಗಲು ಹಾಕಿದ ಮೀನನ್ನು ಯಾರು ಎತ್ತುತ್ತಾರೆ ಎಂದೇ ಕೇಳುತ್ತಿದ್ದರು. ಆಮೇಲೆ ಮಾತು ನಿಂತಿತು. ನನ್ನ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದರು. ಆ ದಾರಿ ಅಷ್ಟು ಉದ್ದ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮಂಗಳೂರಿನಲ್ಲಿ ತೆಗೆದ ಇಸಿಜಿಯಲ್ಲಿ ತೊಂದರೆ ಕಂಡಿತು. ರಕ್ತದ ಪರೀಕ್ಷೆ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆ ಎಂದು ತೋರಿಸಿತು. ಹಾರ್ಟ್ ಅಟ್ಯಾಕೋ ಎಂದು ಆಂಜಿಯೋಗ್ರಾಮ್ ಮಾಡಿದರು. ರಕ್ತನಾಳಗಳಲ್ಲಿ ಎಲ್ಲೂ ತಡೆ ಇಲ್ಲ. ನಾನು ದೇವರೇ ಎಂದು ಕೈ ಮುಗಿದೆ. ಆದರೆ ಡಾಕ್ಟರ್ ಪ್ರಿಯಾ ಅವರ ಮುಖ ಸಡಿಲಾಗಲಿಲ್ಲ. ಹೃದಯದ ಡಾಕ್ಟರು ಅವರು, ನಮ್ಮ ಕುಮಟಾದವರೇ. ಕುರ್ಚಿ ಎಳೆದುಕೊಂಡು ಅಮ್ಮನ ಹತ್ತಿರ ಕೂತು ಬಿಡಿಸಿ ಹೇಳಿದರು: “ಈ ಔಷಧ ನಿಮ್ಮ ಮೈಯ ರಕ್ಷಣಾ ಶಕ್ತಿಯನ್ನ ಗಡ್ಡೆ ಮೇಲೆ ಬಿಡ್ತದೆ. ತೀರಾ ಅಪರೂಪಕ್ಕೆ ಅದು ಹೃದಯದ ಮೇಲೂ ಬೀಳ್ತದೆ. ಆಗ ಹೃದಯ ಊದಿಕೊಳ್ತದೆ. ನಿಮ್ಮ ರೆಪ್ಪೆ ಇಳಿದದ್ದೂ ಅದ್ರಿಂದ್ಲೇ ಇರ್ಬೇಕು.” ಅಮ್ಮ ಯೋಚಿಸಿ, “ಅಂದ್ರೆ ಕಾಯೂಕೆ ಬಿಟ್ಟ ನಾಯಿ ಮನೆಯವ್ರಿಗೇ ಕಚ್ತು” ಎಂದರು. “ಹಾಂ, ಹಾಗೇ” ಎಂದರು ಡಾಕ್ಟರು. ಕಾಯುವ ಹೊತ್ತಲ್ಲವೆಂದು ಸ್ಟೀರಾಯ್ಡ್ ಆಗಲೇ ನರಕ್ಕೆ ಏರಿಸಿದರು. ಆದರೆ ಅದೇ ಹೌದೋ ಅಲ್ಲವೋ ಎಂದು ಗೊತ್ತಾಗಲು ಹೃದಯದ ಎಂಆರ್‌ಐ ಬೇಕೇ ಬೇಕು ಎಂದರು. ಊತ ಇದ್ದರೆ ಅದರಲ್ಲಿ ಕಾಣುತ್ತದೆ. ಕಂಡರೆ ಕ್ಯಾನ್ಸರಿನ ಆ ಔಷಧ ಇನ್ನು ಮುಂದೆ ಕೊಡುವಂತಿಲ್ಲ. ಕಾಣದಿದ್ದರೆ, ಗಡ್ಡೆಯನ್ನು ಕರಗಿಸುತ್ತಿರುವ ಔಷಧವನ್ನು ಸುಮ್ಮನೆ ನಿಲ್ಲಿಸಿದಂತೆ ಆಗುತ್ತದೆ. ಏನು ಕಾಣಲಿ ಎಂದು ಹರಕೆ ಹೊರಬೇಕು ಹೇಳಿ? ನಾನು ಏನನ್ನೂ ಕೇಳಿಕೊಳ್ಳಲಿಲ್ಲ.

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಆದದ್ದನ್ನು ನಿಮಗೆ ಹೇಳಲೇಬೇಕು. ಒಳಗೆ ಲೋಹ ಇರಬಾರದು, ಕರಿಮಣಿ ತೆಗೆಯಬೇಕು ಎಂದರು. ನಿಮಗೆ ಗೊತ್ತು. ಮಾವ ಶನಿಯಾರರ ದೋಣಿ ಮಗುಚಿ, ಅವರ ದೇಹ ಸಿಗದೆ ಹೋದ ಮೇಲೆ ಊರೆಲ್ಲ ಹೇಳಿದರೂ ಅಮ್ಮ ತೆಗೆಯದ ಕರಿಮಣಿ ಅದು. “ಹೆಣ ತಂದು ತೋರ್ಸಿ, ತೆಗಿತೆ” ಎಂದು ದೊಡ್ಡವರ ಬಾಯಿ ಮುಚ್ಚಿಸಿದ್ದರು ಎಂದು ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ದಿರಿ. ಈಗಲೂ ಗಾಲಿಕುರ್ಚಿಯಲ್ಲಿ ಕೂತು ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ನಂಗೆ ಎದೆ ಫೋಟೋ ಬ್ಯಾಡ. ಮನಿಗೆ ಹೋಪ.” ಮಷಿನ್ನಿನ ಹುಡುಗಿ ಒಳ್ಳೆಯವಳು, ಅವಸರ ಮಾಡಲಿಲ್ಲ. ತೆಗೆಯಿರಿ ಎನ್ನಲು ನಾನು ಯಾರು? ಅವರ ಕಾಲ ಬಳಿ ಕೂತು, “ಅಮ್ಮ, ನೀವಿಲ್ಲದೆ ನಂಗೆ ಆ ಮನೆಯಲ್ಲಿ ಇರೂಕೆ ಬರೂದಿಲ್ಲ” ಎಂದೆ, ಅಷ್ಟೇ. ಇದ್ದಕ್ಕಿದ್ದಂತೆ ಬಂದ ಮಾತು. ಅಮ್ಮ ನನ್ನನ್ನೇ ನೋಡಿದರು. ಒಂದು ಕಣ್ಣು ಅರ್ಧ ಮುಚ್ಚಿಯೇ ಇತ್ತು. ಆಮೇಲೆ, “ತಲೆ ಬಗ್ಸು” ಎಂದರು. ತಮ್ಮ ಕೈಯಿಂದಲೇ ತೆಗೆದು ನನ್ನ ಕೊರಳಿಗೆ ಹಾಕಿದರು. “ನಾ ಹೊರಗೆ ಬಪ್ಪವರೆಗೆ ನಿನ್ ಕುತ್ತಿಗೆಲೇ ಇರ್ಲಿ. ಎಲ್ಲೂ ಕೆಳಗೆ ಇಡ್ಬ್ಯಾಡ.” ಎರಡು ಕರಿಮಣಿ ಹಾಕಿಕೊಂಡು ನಾನು ಆ ತಣ್ಣನೆಯ ಓಣಿಯಲ್ಲಿ ಕೂತೆ. ಅತ್ತರೆ ಅಪಶಕುನ ಎಂದು ಅಳಲೂ ಇಲ್ಲ.

ಹೊರಗೆ ಕರೆತಂದಾಗ ಅಮ್ಮ ಅಳುತ್ತಿದ್ದರು. ಕ್ಯಾನ್ಸರ್ ಎಂದು ಹೇಳಿದ ದಿನವೂ ಅಳದವರು. ಒಳಗೆ ಚಿತ್ರ ತೆಗೆಯುವಾಗ ಉಸಿರು ಹಿಡಿದುಕೊಳ್ಳಿ, ಬಿಡಿ ಎಂದು ಮತ್ತೆ ಮತ್ತೆ ಹೇಳುತ್ತಾರಂತೆ. ನಡುನಡುವೆ ಅಮ್ಮನಿಗೆ ಆಗಲಿಲ್ಲವಂತೆ. “ಹೊಳೆಲಿ ಬಳಚಿನ ಚಿಪ್ಪು ತೆಗಿಯೂಕೆ ನಾ ಮುಳುಗ್ದ್ರೆ, ಮಾಸ್ತಮ್ಮ ಎಲ್ಲಿ ಹೋದ್ಲು ಅಂತ ದಡದಲ್ಲಿ ಹೆದ್ರತಿದ್ರು. ಇಲ್ಲಿ ಚಣಹೊತ್ತು ಉಸ್ರು ಹಿಡೂಕೆ ಆಗ್ಲಿಲ್ಲ ನಂಗೆ ವೀಣಾ.” ಸಣ್ಣ ಹುಡುಗಿಯ ಹಾಗೆ ಬಿಕ್ಕುತ್ತಿದ್ದರು. ನಾನು ಕರಿಮಣಿ ಅವರ ಕೊರಳಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿದೆ. ಮಷಿನ್ನಿನ ಹುಡುಗಿ, “ನೀವು ಹಿಡಿದಷ್ಟೇ ಸಾಕಾಯ್ತಜ್ಜಿ, ಚಿತ್ರ ಚೆನ್ನಾಗಿ ಬಂದಿದೆ” ಎಂದಳು.

ಆ ಚಿತ್ರವನ್ನು ಡಾಕ್ಟರು ನನಗೆ ತೋರಿಸಿದರು. ಕಪ್ಪು ಬಳೆಯಂತೆ ಕಾಣುವ ಹೃದಯದ ಗೋಡೆ, ಅದರ ಹೊರ ಅಂಚಿಗೆ ಅಲ್ಲಲ್ಲಿ ಸುಣ್ಣ ತಾಗಿದ ಹಾಗೆ ಬಿಳಿ. ಊತ ಖಂಡಿತ ಇದೆ, ಸಂಶಯವಿಲ್ಲ ಎಂದರು. ಅಲ್ಲಿಗೆ ಆ ಔಷಧದ ಬಾಗಿಲು ಮುಚ್ಚಿತು. ಆಮೇಲಿನ ದಿನಗಳು ಐಸಿಯುನಲ್ಲಿ. ಒಂದು ಮಧ್ಯಾಹ್ನ ಅಮ್ಮನ ಎದೆಬಡಿತ ತಾಳ ತಪ್ಪಿ, ನನ್ನನ್ನು ಹೊರಗೆ ಕಳಿಸಿ ಪರದೆ ಎಳೆದರು. ಗಾಜಿನ ಈಚೆ ನಿಂತು ನಿಮ್ಮ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ. ಬರೆಯಲು ಬಾರದ ಹೆಸರು ಆಗ ಎಷ್ಟು ಸಲೀಸಾಗಿ ಬಂತು! ಡಾಕ್ಟರು ಹೊರಗೆ ಬಂದು, ಬಡಿತ ಸರಿಹೋಯಿತು ಎಂದರು. ಸ್ಟೀರಾಯ್ಡ್ ನಿಧಾನವಾಗಿ ಹಿಡಿಯಿತು. ಒಂದು ಬೆಳಿಗ್ಗೆ ಅಮ್ಮ ಎರಡೂ ಕಣ್ಣು ಪೂರ್ತಿ ತೆರೆದು, “ಇಲ್ಲಿ ಗಂಜಿಗೆ ಉಪ್ಪು ಹಾಕೂದಿಲ್ವಾ?” ಎಂದು ಕೇಳಿದರು. ನರ್ಸುಗಳೆಲ್ಲ ನಕ್ಕರು.

ಈಗ ಮನೆಗೆ ಬಂದು ವಾರದ ಮೇಲಾಯಿತು. ಸ್ಟೀರಾಯ್ಡ್ ಮಾತ್ರೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ಅದರಿಂದ ಮುಖ ದುಂಡಗಾಗಿದೆ. ಅಂಕಿತಾ “ಅಜ್ಜಿ ಚಂದಮಾಮ” ಎನ್ನುತ್ತಾಳೆ, ಅಮ್ಮ ಅವಳ ಬೆನ್ನಿಗೆ ಹುಸಿಪೆಟ್ಟು ಕೊಡುತ್ತಾರೆ. ಹಸಿವು ವಿಪರೀತ, ಸಕ್ಕರೆ ಏರಿದೆ ಎಂದರೆ ಕೇಳುವುದಿಲ್ಲ. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆ. ಔಷಧ ನಿಂತರೂ ಅದರ ಗುಣ ಕೆಲವರಲ್ಲಿ ಮುಂದುವರಿಯುತ್ತದಂತೆ, ನೋಡೋಣ ಎಂದಿದ್ದಾರೆ. ಮುಂದಿನ ತಿಂಗಳು ಎದೆಯ ಎಂಆರ್‌ಐ ಇನ್ನೊಮ್ಮೆ ಇದೆ. ಬಾವಿಯ ಹತ್ತಿರ ಹೋಗಲು ನಾನು ಬಿಡುವುದಿಲ್ಲ. ಬಿಟ್ಟರೆ ನಾಳೆಯೇ ಬುಟ್ಟಿ ಹೊತ್ತು ಪೇಟೆಗೆ ಹೊರಟಾರು.

ಇದಿಷ್ಟನ್ನೂ ಅಮ್ಮನಿಗೆ ಓದಿ ಹೇಳಿದೆ. ಕಣ್ಣೀರಿನ ಜಾಗ ತೆಗೆ ಎಂದರು, ನಾನು ತೆಗೆಯಲಿಲ್ಲ. ಅವರ ಮಾತನ್ನು ಅವರದೇ ಬಾಯಲ್ಲಿ ಬರೆಯುತ್ತೇನೆ: “ಮಗಾ, ನಾ ಈಗ ಗಟ್ಟಿ ಇದ್ದೆ. ಕೆಲ್ಸ ಅರ್ಧಕ್ಕೆ ಬಿಟ್ಟು ಬರ್ಬ್ಯಾಡ. ನಿನ್ ಹೆಂಡ್ತಿ ನನ್ನ ಕಾಲು ನೆಲಕ್ಕೆ ಇಡೂಕೆ ಬಿಡೂದಿಲ್ಲ.” ನಿಮ್ಮನ್ನೂ ಹಡಗಿನಲ್ಲಿರುವ ಎಲ್ಲರನ್ನೂ ಸಮುದ್ರ ಕಾಯಲಿ ಎಂದು ತಲೆಯ ಮೇಲೆ ಕೈ ಇಟ್ಟಂತೆ ಈ ಕಾಗದದ ಮೇಲೆ ಕೈ ಇಟ್ಟಿದ್ದಾರೆ. ಅಂಕಿತಾಳ ಮುತ್ತು.

ನಿಮ್ಮ
ವೀಣಾ

ಮರೆಯುವ ಮುಂಚೆ: ಹೊನ್ನಾವರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ನಿತ್ಯಾನಂದ ಕೈ ಚಾಚಿ ನಿಂತಿದ್ದಾನೆ. ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ. ಮನೆಗೆ ಹೊರಡುವ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದಿದ್ದರು. ಗಡ್ಡೆ ಎಷ್ಟು ಕಾಲ ಸುಮ್ಮನಿರುತ್ತದೆ ಎಂದು ಯಾರಿಗೂ ಹೇಳಲಾಗದು, ಮತ್ತೆ ಎದ್ದರೆ ಕೊಡಲು ಈ ಔಷಧ ಇಲ್ಲ, ಮಗ ದೂರದಲ್ಲಿದ್ದರೆ ಕೆಟ್ಟ ಸುದ್ದಿ ಬರಲಿ ಎಂದು ಕಾಯಬೇಡಿ ಎಂದರು. ಅಮ್ಮ ಈಗ ನಡೆಯುತ್ತಾರೆ, ಉಣ್ಣುತ್ತಾರೆ, ನಗುತ್ತಾರೆ, ಬೈಯುತ್ತಾರೆ. ಹೀಗಿರುವಾಗಲೇ ಬನ್ನಿ. ಯಾಕೆ ಬಂದೆ ಎಂದು ಅವರು ಕೇಳಿದರೆ ವೀಣಾ ಕರೆದಳು ಅನ್ನಿ. ರೈಲು ಬಂತು.